ಸಹಿ ಮಾಡಿಟ್ಟ ಹಾಳೆಗಳು

ನಾನು ಹತ್ತು ವರ್ಷ ಒಬ್ಬ ಶಾಸಕರ ಆಪ್ತ ಸಹಾಯಕನಾಗಿದ್ದೆ. ಮೊದಲ ಆರೂವರೆ ವರ್ಷ ಅವರು ಒಂದು ಪಕ್ಷದಲ್ಲಿದ್ದರು, ಉಳಿದ ಮೂರೂವರೆ ವರ್ಷ ಇನ್ನೊಂದರಲ್ಲಿ. ಅವರು ಪಕ್ಷ ಬಿಟ್ಟದ್ದರ ಬಗ್ಗೆ ಶಿವಮೊಗ್ಗ, ಭದ್ರಾವತಿಗಳಲ್ಲಿ ಈಗಲೂ ಮಾತಾಡುವವರಿದ್ದಾರೆ. ಆ ದಿನ ಮಧ್ಯಾಹ್ನ ಎರಡೂಮುಕ್ಕಾಲರಿಂದ ನಾಲ್ಕೂವರೆಯವರೆಗೆ ಏನು ನಡೆಯಿತೆಂದು ತಿಳಿದವರು ಕಡಿಮೆ. ಅವರಲ್ಲಿ ನಾನೊಬ್ಬ.

ಈ ಕೆಲಸಕ್ಕೆ ಹೊಸದಾಗಿ ಹೋಗುವವರು ಕೆಲವರು ನನ್ನನ್ನು ಕೇಳುವುದುಂಟು, ಸಾರ್, ಏನೇನು ಕಲಿತಿರಬೇಕು ಎಂದು. ಕಂಪ್ಯೂಟರು ನನಗಿಂತ ಅವರಿಗೇ ಚೆನ್ನಾಗಿ ಬರುತ್ತದೆ. ಪತ್ರದ ನಮೂನೆಗಳು ಎಲ್ಲ ಕಚೇರಿಗಳಲ್ಲೂ ಸಿಗುತ್ತವೆ. ನನ್ನ ಬಳಿ ಇರುವುದು ನನ್ನ ಕೈಯಿಂದ ಆದದ್ದು ಮಾತ್ರ. ಅದನ್ನೇ ಆದಷ್ಟು ಸರಿಯಾಗಿ ಬರೆಯುತ್ತೇನೆ.

ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಕನ್ನಡ ಟೈಪಿಸ್ಟನಾಗಿದ್ದೆ. ಚನ್ನವೀರಪ್ಪನವರು ಮೊದಲ ಸಲ ಗೆದ್ದ ಹೊಸತರಲ್ಲಿ ಯಾವುದೋ ಕೆಲಸಕ್ಕೆ ನಮ್ಮ ಸಾಹೇಬರ ಹತ್ತಿರ ಬಂದಿದ್ದರು. ಜೊತೆಗೊಬ್ಬ ಮುದುಕ ಇದ್ದ. ಅವನ ಪರವಾಗಿ ಅಲ್ಲೇ ಒಂದು ಅರ್ಜಿ ಟೈಪಾಗಬೇಕಿತ್ತು. ನಾನು ಮುದುಕನನ್ನೇ ಕೇಳಿದೆ, ತಂದೆ ಹೆಸರೇನು, ಮನೆ ಯಾವ ದಿಕ್ಕಿಗಿದೆ, ಪಕ್ಕದ ಮನೆ ಯಾರದು ಎಂದು. ಶಾಸಕರು ನಿಂತು ನೋಡುತ್ತಿದ್ದರು.

"ನನ್ನನ್ನ ಒಂದು ಮಾತೂ ಕೇಳಲಿಲ್ವಲ್ಲ ಮಾರಾಯ ನೀನು?" ಅಂದರು.

"ಅರ್ಜಿ ಅವರದು ಸಾರ್," ಅಂದೆ.

ಮರುವಾರ ಅವರ ಆಫೀಸಿಗೆ ನನ್ನ ಎರವಲು ಸೇವೆಯ ಆದೇಶ ಬಂತು. ನಾನು ಟೈಪ್‌ರೈಟರಿಗೆ ಪಳಗಿದ ಬೆರಳುಗಳ ಜೊತೆ ಭದ್ರಾವತಿಗೆ ಹೋದೆ. ನಮ್ಮ ಆಫೀಸು ಹೊಳೆಯ ಸೇತುವೆ ದಾಟಿ ಸ್ವಲ್ಪ ದೂರದ ಒಂದು ಬಾಡಿಗೆ ಮನೆಯ ಮುಂದಿನ ಕೋಣೆ. ಮೂರು ಬೆಂಚು, ಒಂದು ಮೇಜು, ಒಂದು ಕಬ್ಬಿಣದ ಬೀರು, ಕಪ್ಪು ಫೋನು. ಗೋಡೆಗೆ ಗಡಿಯಾರ ಹಾಕಿಸಿದ್ದರೂ ಯಾರೂ ಅದನ್ನು ನೋಡುತ್ತಿರಲಿಲ್ಲ. ಕಾರ್ಖಾನೆಯ ಸೈರನ್ನೇ ನಮ್ಮ ಗಡಿಯಾರ. ಮೊದಲ ಪಾಳಿ ಬಿಟ್ಟ ಅರ್ಧ ಗಂಟೆಗೆ ಬೆಂಚು ತುಂಬುತ್ತಿತ್ತು. ಟಿಫಿನ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತವರಲ್ಲಿ ತಮಿಳು ಮನೆಮಾತಿನವರು, ತೆಲುಗು ಮನೆಮಾತಿನವರು, ನಮ್ಮ ಕಡೆಯವರು ಎಲ್ಲ ಇದ್ದರು. ಅರ್ಜಿ ಯಾವ ಭಾಷೆಯಲ್ಲಿ ಹೇಳಿದರೂ ನಾನು ಕನ್ನಡದಲ್ಲಿ ಹೊಡೆಯುತ್ತಿದ್ದೆ. ಆರು ತಿಂಗಳಲ್ಲಿ ತಮಿಳು ಅರ್ಥವಾಗತೊಡಗಿತು, ಒಂದು ವರ್ಷದಲ್ಲಿ ಬೈಗುಳವೂ.

ಚನ್ನವೀರಪ್ಪನವರನ್ನು ಎಲ್ಲರೂ ಅಣ್ಣ ಅನ್ನುತ್ತಿದ್ದರು. ನಾನೂ ಹಾಗೇ ಅನ್ನತೊಡಗಿದೆ. ಅವರು ಮೇಜಿನ ಹಿಂದೆ ಕೂರುತ್ತಿರಲಿಲ್ಲ. ಬೆಂಚಿನ ತುದಿಯಲ್ಲಿ ಜಾಗ ಮಾಡಿಸಿಕೊಂಡು, ಬಂದವರ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. "ಎದುರು ಕೂತ್ರೆ ಜಗಳಕ್ಕೆ ಕೂತ ಹಾಗಾಗ್ತದೆ, ಪಕ್ಕ ಕೂತ್ರೆ ಮಾತಿಗೆ ಬರ್ತಾರೆ" ಎನ್ನುವುದು ಅವರ ಲೆಕ್ಕ. ಈಗಿನ ಆಫೀಸುಗಳಲ್ಲಿ ಗಾಜಿನ ಮೇಜು ನೋಡಿದಾಗ ನನಗೆ ಆ ಬೆಂಚಿನ ತುದಿ ನೆನಪಾಗುತ್ತದೆ.

ಹಾಳೆಗಳ ಪದ್ಧತಿ ಶುರುವಾದದ್ದು ಎರಡನೇ ವರ್ಷ. ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದವನೊಬ್ಬ ಬಂದ. ತಂದೆಯನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಬೇಕು, ಶಾಸಕರ ಕಾಗದ ಬೇಕು ಅಂದ. ಅಣ್ಣ ಅಧಿವೇಶನಕ್ಕೆ ಹೋಗಿದ್ದರು. ನಾನು ಕಾಗದ ಟೈಪು ಮಾಡಿ ಸಹಿಗೆಂದು ಅಂಚೆಯಲ್ಲಿ ಬೆಂಗಳೂರಿಗೆ ಕಳಿಸಿದೆ. ಅಲ್ಲಿಂದ ಸಹಿಯಾಗಿ ವಾಪಸು ಬರುವಷ್ಟರಲ್ಲಿ ಅದರ ಅಗತ್ಯ ತೀರಿಹೋಗಿತ್ತು. ಆ ಮನುಷ್ಯ ತಲೆ ಬೋಳಿಸಿಕೊಂಡು ಬಂದು ಕಾಗದ ಇಸಕೊಂಡ. "ಬಂತಲ್ಲ ಸಾರ್, ಇಟ್ಕೊಂಡಿರ್ತೀನಿ" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಅಣ್ಣ ಊರಿಗೆ ಬಂದಾಗ ಇದನ್ನು ಹೇಳಿದೆ. ಅವರು ತಮ್ಮ ಹೆಸರಿನ ಲೆಟರ್‌ಹೆಡ್ಡಿನ ಕಟ್ಟು ತರಿಸಿ, ಒಂದೊಂದರ ಕೆಳಗೂ ಸಹಿ ಮಾಡುತ್ತಾ ಹೋದರು. ಖಾಲಿ ಹಾಳೆ, ಕೆಳಗೆ ಸಹಿ. ಇಪ್ಪತ್ತೈದು ಆದ ಮೇಲೆ ಪೆನ್ನು ಮುಚ್ಚಿದರು.

"ಬೀರೂಲಿ ಇಡು. ಕೀ ನಿನ್ನ ಉಡಿದಾರದಲ್ಲಿರಲಿ. ನಾನು ಊರಲ್ಲಿ ಇಲ್ಲದಾಗ ಆಸ್ಪತ್ರೆ, ಹಾಸ್ಟೆಲು, ಬಸ್ಸು, ಪಿಂಚಣಿ, ಇಂಥದಕ್ಕೆ ಮಾತ್ರ. ಪಕ್ಷದ ಕೆಲಸಕ್ಕೆ ಒಂದು ಹಾಳೆಯೂ ಹೋಗಬಾರದು. ತಿಳೀತಾ?"

"ಅಣ್ಣ, ಇದು ತಪ್ಪಲ್ವಾ?" ಎಂದು ಕೇಳಿದೆ. ನಿಯಮದ ಪ್ರಕಾರ ಖಂಡಿತ ತಪ್ಪು. ಇದನ್ನು ಓದುವವರು ಯಾರೂ ಹೀಗೆ ಮಾಡಬಾರದು.

"ತಪ್ಪೇ. ನೀನು ಜೋಪಾನವಾಗಿದ್ರೆ ಇಬ್ರೂ ಬದುಕ್ತೀವಿ," ಅಂದರು.

ಸಹಿ ಮೊದಲೇ ಇರುವ ಹಾಳೆಯ ಮೇಲೆ ಕಾಗದ ಹೊಡೆಯುವುದು ಸುಲಭವಲ್ಲ. ಮಾತು ಸಹಿಯ ಮೇಲೆ ಬಂದು ಕೂರಬಾರದು, ತೀರಾ ಮೇಲೆ ನಿಂತು ಅನುಮಾನವನ್ನೂ ಹುಟ್ಟಿಸಬಾರದು. ಕೊನೆಯ ಸಾಲಿಗೂ ಸಹಿಗೂ ನಡುವೆ ಎರಡು ಬೆರಳು ಜಾಗ. ಇದಕ್ಕಾಗಿ ನಾನು ಮೊದಲು ಬೇರೆ ಹಾಳೆಯಲ್ಲಿ ಬರೆದು ಸಾಲು ಎಣಿಸಿಕೊಂಡು, ಆಮೇಲೆ ಟೈಪು ಮಾಡುತ್ತಿದ್ದೆ. ಕ್ರಮೇಣ ಕಣ್ಣಳತೆಯಲ್ಲೇ ಬಂತು. ಅದರ ಬಗ್ಗೆ ನನಗೆ ಸಣ್ಣ ಹೆಮ್ಮೆಯೂ ಇತ್ತು.

ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ಒಂದು ಅಂಗನವಾಡಿಯ ಸಹಾಯಕಿ ಕೆಲಸಕ್ಕೆ ಒಬ್ಬ ಹೆಂಗಸು ಕಾಗದ ಕೇಳಿದಳು, ಕೊಟ್ಟೆ. ನಾಲ್ಕು ದಿನ ಬಿಟ್ಟು ಇನ್ನೊಬ್ಬಳು ಬಂದಳು, ಅವಳಿಗೂ ಕೊಟ್ಟೆ. ಊರು ಒಂದೇ ಎಂದು ಗಮನಿಸಿದ್ದೆ, ಕೆಲಸವೂ ಒಂದೇ ಎಂದು ಗಮನಿಸಲಿಲ್ಲ. ಮುಂದಿನ ವಾರ ಇಬ್ಬರೂ ಒಟ್ಟಿಗೆ ಬಂದು ಬಾಗಿಲಲ್ಲಿ ನಿಂತರು. ಓರಗಿತ್ತಿಯರು, ಒಂದೇ ಮನೆಯವರು. ಅಣ್ಣ ಆ ದಿನ ಬೆಂಚಿನ ಮೇಲಿದ್ದರು.

"ಅಣ್ಣಾ, ನಿಮ್ಮ ಮನಸ್ಸಲ್ಲಿ ಯಾರಿದ್ದಾರೆ ಹೇಳಿಬಿಡ್ರಿ," ಅಂದಳು ಹಿರಿಯಳು. "ಇವಳೋ, ನಾನೋ? ಮೂರು ದಿನ ಆಯ್ತು ಮನೇಲಿ ಯಾರೂ ಯಾರಿಗೂ ಬಡಿಸ್ತಿಲ್ಲ."

ಅಣ್ಣ ಎರಡು ಕಾಗದವನ್ನೂ ನೋಡಿ ನನ್ನ ಕಡೆ ತಿರುಗಿದರು. "ಒಂದೇ ಒಲೆಯವರಿಗೆ ಎರಡು ಕಾಗದ ಕೊಟ್ಟಿದೀಯಲ್ಲೋ ರಂಗನಾಥ. ಸಹಿ ನಂದು, ನಗು ಊರಿಂದು."

ಕಿರಿಯವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕುಬಿಟ್ಟಳು. ಹಿರಿಯಳು ಮೊದಲು ಅವಳನ್ನು ಗದರಿ, ಆಮೇಲೆ ತಾನೂ ನಕ್ಕಳು. ಕೆಲಸ ಇಬ್ಬರಿಗೂ ಸಿಗಲಿಲ್ಲ ಎಂದು ಮುಂದೆ ತಿಳಿಯಿತು.

ಎಂಟು ಗಂಟೆಯ ಫೋನು ಶುರುವಾದದ್ದು ಆ ಪ್ರಸಂಗದಿಂದ. ಅಣ್ಣ ಬೆಂಗಳೂರಿನಲ್ಲಿದ್ದ ದಿನಗಳಲ್ಲಿ ಬೆಳಿಗ್ಗೆ ಎಂಟಕ್ಕೆ ತಾವೇ ಆಫೀಸಿಗೆ ಫೋನ್ ಮಾಡುತ್ತಿದ್ದರು. ಹಿಂದಿನ ದಿನ ಸಹಿ ಹಾಳೆಯ ಮೇಲೆ ಹೋದ ಪ್ರತಿಯೊಂದು ಕಾಗದದ ಕಾರ್ಬನ್ ಪ್ರತಿಯನ್ನೂ ನಾನು ಓದಬೇಕು. ಕೇಳಿ ಅವರು ಒಂದು ಮಾತು ಹೇಳುತ್ತಿದ್ದರು, "ಸರಿ" ಅಥವಾ "ರದ್ದು". ರದ್ದು ಅಂದರೆ ನಾನು ಕಾರ್ಬನ್ ಪ್ರತಿಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಸಂಬಂಧಪಟ್ಟ ಕಚೇರಿಗೆ ಫೋನು ಮಾಡಿ ಆ ಕಾಗದವನ್ನು ಪರಿಗಣಿಸಬೇಡಿ ಎಂದು ತಿಳಿಸಬೇಕು. ಕಾಗದ ಮರುದಿನವೇ ಯಾವ ಮೇಜನ್ನೂ ದಾಟುವುದಿಲ್ಲ ಎನ್ನುವ ಧೈರ್ಯ ನಮಗಿತ್ತು.

ಆ ಫೋನಿಗಾಗಿ ನಾನು ಏಳೂವರೆಗೇ ಬಂದು ಕೂರುತ್ತಿದ್ದೆ. ಗಂಟೆ ಹೊಡೆದು ಎತ್ತಿದ ಕೂಡಲೇ ಆ ಕಡೆಯಿಂದ "ಹೂಂ, ಓದು" ಎಂದು ಬರುತ್ತಿತ್ತು. ಹಲೋ ಇಲ್ಲ, ಹೇಗಿದೀಯ ಇಲ್ಲ. ಓದುವಾಗ ಕಾಫಿ ಹೀರುವ ಸದ್ದು ಕೇಳುತ್ತಿತ್ತು. ಸರಿ, ಸರಿ, ರದ್ದು, ಸರಿ. ನಡುವೆ ಒಂದೊಂದು ಸಲ ಓದು ನಿಲ್ಲಿಸಿ ಕೇಳುತ್ತಿದ್ದರು. "ಆ ಮುದುಕಿ ಕೋಲು ಹಿಡ್ಕೊಂಡು ಬಂದಿದ್ಲಾ, ಇಲ್ದೇನಾ?" "ಅವನು ಯಾವ ಪಾಳಿ?" "ಮಳೆ ಬಂತಾ ಅಲ್ಲಿ?" ನಾನು ನೋಡಿದ್ದನ್ನೆಲ್ಲ ಅವರಿಗಾಗಿ ನೆನಪಿಟ್ಟುಕೊಳ್ಳುತ್ತಿದ್ದೆ. ಆ ಹತ್ತು ಹದಿನೈದು ನಿಮಿಷದಲ್ಲಿ ನಾನು ಮಾಡುವ ಕೆಲಸಕ್ಕೆ ಒಂದು ಅರ್ಥವಿದೆ ಎಂದು ಅನ್ನಿಸುತ್ತಿತ್ತು. ಆಮೇಲಿನ ಸೇವೆಯಲ್ಲಿ ಹಾಗೆ ಅನ್ನಿಸಿದ ಬೆಳಗು ನನಗೆ ನೆನಪಿಲ್ಲ.

ಸೆಲ್ವರಾಜಣ್ಣನ ವಿಷಯ ಇಲ್ಲೇ ಹೇಳಬೇಕು. ಅವರು ಕಾರ್ಖಾನೆಯ ಕೆಲಸಗಾರ. ಅಣ್ಣನ ಪರವಾಗಿ ಮೊದಲ ಚುನಾವಣೆಯಿಂದ ಮನೆಮನೆ ತಿರುಗಿದವರು. ತನಗಾಗಿ ಏನನ್ನೂ ಕೇಳಿದವರಲ್ಲ. ಮಗಳಿಗೆ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿ, ಹಾಸ್ಟೆಲು ಸಿಗದೆ ಹೋದಾಗ ಮೊದಲ ಸಲ ಅರ್ಜಿ ಹಿಡಿದು ಬಂದರು. ನಾಚಿಕೆಯಿಂದ ಬೆಂಚಿನ ಮೇಲೂ ಕೂರಲಿಲ್ಲ.

"ರಂಗಣ್ಣ, ಅಣ್ಣಂಗೆ ತೊಂದ್ರೆ ಆಗೋದಾದ್ರೆ ಬೇಡಪ್ಪಾ. ಪಾಪ ಬಸ್ಸಲ್ಲೇ ಓಡಾಡ್ತಾಳೆ."

ಸಹಿ ಹಾಳೆಯ ಮೇಲೆ ಕಾಗದ ಕೊಟ್ಟೆ. ಮರುದಿನ ಎಂಟಕ್ಕೆ ಓದಿದಾಗ ಅಣ್ಣ ಅಂದರು, "ಸರಿ. ಅಲ್ಲಿಗೆ ನಾನೂ ಒಂದು ಫೋನ್ ಮಾಡ್ತೀನಿ." ಹುಡುಗಿಗೆ ಕೋಣೆ ಸಿಕ್ಕಿತು. ಕಾಗದ ವಾಪಸು ಪಡೆದು ಸೆಲ್ವರಾಜಣ್ಣ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ ಮನೆಯಲ್ಲಿಟ್ಟುಕೊಂಡರು.

ಅಣ್ಣ ಎರಡನೇ ಸಲ ಗೆದ್ದರು. ಅವರ ಪಕ್ಷ ಸೋತು ವಿರೋಧ ಪಕ್ಷದಲ್ಲಿ ಕೂತಿತು. ಮರುವರ್ಷ ಪಕ್ಷದೊಳಗೆ ಬಿರುಕು ಬಿಟ್ಟಿತು. ಆಗಿನ ಕಾನೂನಿನಲ್ಲಿ ಒಂದು ಪಕ್ಷದ ಶಾಸಕರಲ್ಲಿ ಮೂರನೇ ಒಂದು ಭಾಗ ಒಟ್ಟಿಗೆ ಹೊರಬಂದರೆ ಯಾರ ಶಾಸಕತ್ವವೂ ಹೋಗುತ್ತಿರಲಿಲ್ಲ. ಒಬ್ಬರು ಕಡಿಮೆಯಾದರೆ ಎಲ್ಲರದೂ ಹೋಗುತ್ತಿತ್ತು. ಆದ್ದರಿಂದ ತಲೆಗಳ ಎಣಿಕೆ ನಡೆದಿತ್ತು. ಹೊರಗೆ ಹೋಗುವವರನ್ನು ಆಳುವ ಪಕ್ಷ ಸೇರಿಸಿಕೊಳ್ಳಲು ಕಾದಿತ್ತು.

ಅಣ್ಣನ ಷಡ್ಡಕ ಮಹೇಶ್ವರಪ್ಪ ಶಿವಮೊಗ್ಗದಲ್ಲಿ ಅಡಿಕೆ ಮಂಡಿ ಇಟ್ಟುಕೊಂಡಿದ್ದವರು. ಅವರು ಈ ಗುಂಪಿನ ಕಡೆ ಓಡಾಡುತ್ತಿದ್ದರು. ಅಣ್ಣನನ್ನು ಮಾತುಕತೆಗೆಂದು ಬೆಂಗಳೂರಿಗೆ ಕರೆದುಕೊಂಡು ಹೋದವರೂ ಅವರೇ. ಹೊರಡುವ ಮುಂಚೆ ಅಣ್ಣ ಆಫೀಸಿಗೆ ಬಂದು, ಬೀರುವಿನಲ್ಲಿ ಎಷ್ಟು ಹಾಳೆ ಇವೆ ಎಂದು ಕೇಳಿದರು. ಒಂಬತ್ತು ಅಂದೆ. "ಸಾಕು, ಎರಡು ದಿನಕ್ಕೆ ಬರ್ತೀನಿ" ಅಂದರು.

ಎರಡು ದಿನ ಎಂಟು ಗಂಟೆಗೆ ಫೋನು ಬರಲಿಲ್ಲ. ಹಿಂದೆಂದೂ ಹಾಗಾಗಿರಲಿಲ್ಲ. ಪತ್ರಿಕೆಗಳವರು ಮಾತ್ರ ಬಿಡದೆ ಫೋನು ಮಾಡುತ್ತಿದ್ದರು. ಹೋಗ್ತಾರಾ, ಇರ್ತಾರಾ? ಗೊತ್ತಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಬೆಂಚಿನ ಮೇಲೆ ಕೂತವರೂ ಅದನ್ನೇ ಕೇಳುತ್ತಿದ್ದರು.

"ಅವರು ಹೋಗಲ್ಲ ಪಾ," ಎಂದು ಸೆಲ್ವರಾಜಣ್ಣ ಎಲ್ಲರಿಗೂ ಹೇಳುತ್ತಿದ್ದರು. "ಪಕ್ಕದಲ್ಲಿ ಕೂತು ಡಬ್ಬೀಲಿ ಊಟ ಮಾಡ್ದೋರು. ಹೋಗೋದಾದ್ರೆ ಹೇಳ್ಬಿಟ್ಟು ಹೋಗ್ತಾರೆ."

ಮೂರನೇ ದಿನ ಮಧ್ಯಾಹ್ನ ಎರಡೂಮುಕ್ಕಾಲಿಗೆ ಮಹೇಶ್ವರಪ್ಪನವರ ಫೋನು ಬಂತು. ಪಾಳಿ ಬಿಟ್ಟವರು ಬರುವುದಕ್ಕೆ ಮುಂಚೆ ಕೋಣೆ ಖಾಲಿಯಾಗಿತ್ತು.

"ರಂಗನಾಥ, ಆ ಸಹಿ ಹಾಳೆ ಇದೆಯಲ್ಲ, ಒಂದು ತೆಗಿ. ನಾನು ಹೇಳ್ತೀನಿ, ಬರ್ಕೋ."

"ಅಣ್ಣಂಗೆ ಕೊಡಿ ಸಾರ್."

"ಸ್ನಾನಕ್ಕೆ ಹೋಗಿದಾರೆ. ನಾನೇನು ಬೀದಿಯವನಾ? ನನ್ನ ಮಾತು ಸಾಲಲ್ವಾ?"

"ಪಕ್ಷದ ಕೆಲಸಕ್ಕೆ ಆ ಹಾಳೆ..."

"ಮಾರಾಯ, ಅವರೇ ಹೇಳಿದ್ದು. ಲೆಟರ್‌ಹೆಡ್ ಇಲ್ಲಿ ಇಲ್ಲ. ನಾಳೆ ಬೆಳಿಗ್ಗೆ ಕೊಡಬೇಕು. ರಾಗಿಗುಡ್ಡದ ಹಕ್ಕುಪತ್ರ ಕೂಡ ಇದರ ಮೇಲೇ ನಿಂತಿದೆ, ಅದು ನೆನಪಿರಲಿ."

ರಾಗಿಗುಡ್ಡದ ಬುಡದಲ್ಲಿ ಬಹಳ ವರ್ಷಗಳಿಂದ ಮನೆ ಕಟ್ಟಿಕೊಂಡಿದ್ದವರಿಗೆ ಜಾಗದ ಹಕ್ಕುಪತ್ರ ಇರಲಿಲ್ಲ. ಆರು ವರ್ಷ ಅದಕ್ಕಾಗಿ ಜ್ಞಾಪನ ಪತ್ರಗಳನ್ನು ಹೊಡೆದವನು ನಾನು. ಮನೆಗಳ ಪಟ್ಟಿಯನ್ನು ನಾನೇ ನಡೆದು ಮಾಡಿದ್ದೆ. ಲಕ್ಕಮ್ಮ ಎಂಬ ಹೆಂಗಸು ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು, "ನನ್ನ ಮನೆ ನಂದು ಅಂತ ಬರ್ದ ಒಂದು ಕಾಗದ ಕೊಡ್ಸಪ್ಪಾ, ಸಾಯೋದ್ರೊಳಗೆ ಒಂದ್ಸಲ ಮುಟ್ಟಿ ನೋಡ್ತೀನಿ" ಅನ್ನುತ್ತಿದ್ದಳು. ಮಹೇಶ್ವರಪ್ಪನವರಿಗೆ ಇದೆಲ್ಲ ಗೊತ್ತಿತ್ತು.

ನಾಲ್ಕು ಸಾಲಿನ ಕಾಗದ. ಸಭಾಧ್ಯಕ್ಷರಿಗೆ. ತಾನು ಪಕ್ಷದಿಂದ ಬೇರ್ಪಟ್ಟ ಗುಂಪಿನಲ್ಲಿ ಸ್ವಇಚ್ಛೆಯಿಂದ ಸೇರಿರುವುದಾಗಿಯೂ, ಸದನದಲ್ಲಿ ಬೇರೆ ಆಸನ ನೀಡಬೇಕಾಗಿಯೂ ವಿನಂತಿ. ನಾಲ್ಕೂವರೆಗೆ ಡ್ರೈವರು ಬಂದು ಇಸಕೊಳ್ಳುತ್ತಾನೆ ಎಂದರು.

ಸಹಿ ಮಾಡಬೇಕಾದ ಮನುಷ್ಯನೇ ಅಲ್ಲಿರುವಾಗ, ಸಹಿ ಇರುವ ಹಾಳೆ ಇಲ್ಲಿಂದ ಯಾಕೆ ಹೋಗಬೇಕು? ಈ ಪ್ರಶ್ನೆ ಆಗ ನನಗೆ ಹೊಳೆಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಿತು. ಕೇಳಲಿಲ್ಲ. ಎರಡು ದಿನದ ಗೊಂದಲ ಹೇಗಾದರೂ ಮುಗಿದರೆ ಸಾಕಾಗಿತ್ತು. ಅಣ್ಣ ಹೊರಟಾಗಲೇ ಮನಸ್ಸು ಮಾಡಿರಬೇಕು, ನನಗೆ ಹೇಳಲು ಸಂಕೋಚಪಟ್ಟಿರಬೇಕು ಎಂದು ನಾನೇ ಅಂದುಕೊಂಡೆ. ಲಕ್ಕಮ್ಮನ ಕೈಗೆ ಆ ಕಾಗದ ಸಿಗುವುದನ್ನೂ ಒಂದು ಕ್ಷಣ ಕಂಡೆ.

ಫೋನು ಮತ್ತೆ ಮತ್ತೆ ಹೊಡೆದರೆ ಟೈಪು ತಪ್ಪುತ್ತದೆ ಎಂದು ರಿಸೀವರನ್ನು ಎತ್ತಿ ಪಕ್ಕಕ್ಕಿಟ್ಟೆ. ಬೀರು ತೆಗೆದು ಹಾಳೆ ತಂದೆ. ಸಾಲು ಎಣಿಸಿ, ಕಾರ್ಬನ್ ಇಟ್ಟು ಹೊಡೆದೆ. ಒಂದು ಅಕ್ಷರವೂ ತಪ್ಪಲಿಲ್ಲ. ಕೊನೆಯ ಸಾಲಿಗೂ ಸಹಿಗೂ ಸರಿಯಾಗಿ ಎರಡು ಬೆರಳು ಜಾಗ ಬಂತು. ಅದು ಮೂರೂಕಾಲರ ಹೊತ್ತಿಗೆ ಮುಗಿಯಿತು. ನಾಲ್ಕೂವರೆಗೆ ಡ್ರೈವರು ಬರುವವರೆಗೆ ಹಾಳೆ ನನ್ನ ಮೇಜಿನ ಮೇಲೆ ಮಡಿಸದೆ ಬಿದ್ದಿತ್ತು. ಪಕ್ಕದಲ್ಲಿ ರಿಸೀವರು ಬಿದ್ದಿತ್ತು. ಪಾಳಿ ಬಿಟ್ಟವರು ಬಂದು ಕೂತರು. ನಾನು ಹಾಳೆಯ ಮೇಲೆ ಒಂದು ಫೈಲು ಮುಚ್ಚಿ, ಅವರ ಅರ್ಜಿಗಳನ್ನು ಕೇಳಿಸಿಕೊಂಡೆ. ಡ್ರೈವರು ಹೋದ ಮೇಲೆ ರಿಸೀವರನ್ನು ಸ್ವಸ್ಥಾನಕ್ಕಿಟ್ಟೆ.

ಮಾರನೇ ದಿನ ಕಾಗದ ಸಭಾಧ್ಯಕ್ಷರ ಕಚೇರಿ ಸೇರಿತು. ಅದರ ಮಾರನೇ ದಿನ ಪತ್ರಿಕೆಗಳಲ್ಲಿ ಫೋಟೋ ಬಂತು. ಅಣ್ಣನ ಕೊರಳಲ್ಲಿ ಹಾರ, ಹಿಂದೆ ಮಹೇಶ್ವರಪ್ಪನವರ ನಗು. ಅಣ್ಣ ಮಾತ್ರ ಕ್ಯಾಮೆರಾವನ್ನು ನೋಡದೆ ಬೇರೆಲ್ಲೋ ನೋಡುತ್ತಿದ್ದರು.

ಅಂದು ಬೆಂಚು ತುಂಬಲಿಲ್ಲ. ಹೊರಗೆ ಘೋಷಣೆ ಕೂಗಿದರು, ಚಪ್ಪಲಿ ಬಿದ್ದವು. ಅದಕ್ಕೆ ನಾನು ಹೆದರಲಿಲ್ಲ. ಘೋಷಣೆ ಕೂಗಿದವರು ಹೋದ ಮೇಲೆ ಸೆಲ್ವರಾಜಣ್ಣ ಒಬ್ಬರೇ ಬಂದರು. ಪ್ಲಾಸ್ಟಿಕ್ ಹಾಕಿದ್ದ ಕಾಗದವನ್ನು ಮೇಜಿನ ಮೇಲಿಟ್ಟರು.

"ಮಗಳದ್ದು ಓದು ಮುಗೀತು ರಂಗಣ್ಣ. ಇದು ಇನ್ನು ಬೇಡ."

"ಇಟ್ಕೊಳ್ಳಿ ಸೆಲ್ವರಾಜಣ್ಣ. ಇದರದ್ದೇನು ತಪ್ಪು?"

"ಮನೇಲಿ ದೇವರ ಪಟದ ಪಕ್ಕ ಇಟ್ಟಿದ್ದೆ. ಈಗ ಎಲ್ಲಿಡ್ಲಿ ಹೇಳು?" ಅಂದರು. ಉತ್ತರಕ್ಕೆ ಕಾದರು. "ಹೇಳ್ಬಿಟ್ಟು ಹೋಗಬಹುದಿತ್ತಲ್ಲ ಅವರು. ಒಂದು ಮಾತು. ಬೈತಿದ್ವಿ, ಆಮೇಲೆ ಜೊತೇಲಿ ಹೋಗ್ತಿದ್ವೋ ಏನೋ."

ನಿಜ ಹೇಳಬೇಕಿದ್ದರೆ ಅದೇ ಗಳಿಗೆಯಲ್ಲಿ ಹೇಳಬೇಕಿತ್ತು. ಅವರು ಬಾಗಿಲವರೆಗೆ ಹೋಗುವುದನ್ನು ನೋಡಿದೆ, ಮೆಟ್ಟಿಲಿಳಿಯುವುದನ್ನು ನೋಡಿದೆ. ಬಾಯಿ ತೆರೆಯಲಿಲ್ಲ. ಕಾಗದವನ್ನು ಕಾರ್ಬನ್ ಪ್ರತಿಗಳ ಫೈಲಿನಲ್ಲಿ, ಆ ನಾಲ್ಕು ಸಾಲಿನ ಪ್ರತಿಯ ಕೆಳಗೆ ಸೇರಿಸಿದೆ.

ಅಣ್ಣ ಆ ಶನಿವಾರ ಬಂದರು. ಬೆಳಿಗ್ಗೆ, ಒಬ್ಬರೇ, ಬಾಗಿಲು ಹಾಕಿಕೊಂಡು. ಬೆಂಚಿನ ಮೇಲೆ ಕೂರದೆ ಮೊದಲ ಸಲ ಮೇಜಿನ ಹಿಂದಿನ ಕುರ್ಚಿಯಲ್ಲಿ ಕೂತರು. ಫೈಲು ಕೇಳಿದರು. ಪ್ರತಿಯನ್ನು ಬಹಳ ಹೊತ್ತು ನೋಡಿದರು.

"ಅಳತೆ ಸರಿಯಾಗಿ ಕೂತಿದೆ," ಅಂದರು.

"ಅಣ್ಣ, ಮಹೇಶ್ವರಪ್ಪನವರು..."

"ಸಹಿ ನಂದೇ ಅಲ್ವೇನೋ."

ಇಷ್ಟೇ. ಬೈಗುಳವಿಲ್ಲ, ಪ್ರಶ್ನೆ ಇಲ್ಲ. ಉಳಿದ ಹಾಳೆಗಳನ್ನು ಕೇಳಿ ಪಡೆದು, ಒಂದೊಂದಾಗಿ ಹರಿದು ಬುಟ್ಟಿಗೆ ಹಾಕಿದರು. ಏಳುವಾಗ ಅಂದರು, "ಇನ್ಮೇಲೆ ಎಂಟು ಗಂಟೆ ಫೋನು ಬೇಡ ರಂಗನಾಥ. ಏನಿದ್ರೂ ಬಂದಾಗ ಸಹಿ ಮಾಡ್ತೀನಿ."

ಮೂರೂವರೆ ವರ್ಷ ಹಾಗೇ ನಡೆಯಿತು. ಅವರಿಗೊಂದು ನಿಗಮದ ಅಧ್ಯಕ್ಷತೆ ಸಿಕ್ಕಿತು. ಆಫೀಸು ಶಿವಮೊಗ್ಗಕ್ಕೆ ಬಂತು. ಗಾಜಿನ ಮೇಜು, ಟೋಕನ್ ಪದ್ಧತಿ, ಆಮೇಲೆ ಕಂಪ್ಯೂಟರು. ಒಂದೇ ಕಾಗದದಲ್ಲಿ ಹೆಸರು ಮಾತ್ರ ಬದಲಿಸಿ ಎಷ್ಟು ಬೇಕಾದರೂ ತೆಗೆಯಬಹುದಿತ್ತು. ನನ್ನ ಕಣ್ಣಳತೆಗೆ ಕೆಲಸವಿರಲಿಲ್ಲ. ರಾಗಿಗುಡ್ಡದಲ್ಲಿ ಶಾಮಿಯಾನ ಹಾಕಿ ಹಕ್ಕುಪತ್ರ ಹಂಚಿದರು. ಎಲ್ಲರಿಗೂ ಬರಲಿಲ್ಲ, ಲಕ್ಕಮ್ಮನಿಗೆ ಬಂತು. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದು ಮುಟ್ಟಿ ಮುಟ್ಟಿ ನೋಡಿದಳು. ಅದೊಂದನ್ನು ನಾನು ಇಲ್ಲವೆನ್ನಲಾರೆ. ಅಣ್ಣ ವೇದಿಕೆಯಿಂದ ಇಳಿದು ಅವಳ ಪಕ್ಕದ ಕುರ್ಚಿಯಲ್ಲಿ ಕೂರಲು ಹೋದಾಗ ಅವಳು ಗಡಬಡಿಸಿ ಎದ್ದು ನಿಂತಳು. ಅಣ್ಣನೂ ಎದ್ದರು.

ಮುಂದಿನ ಚುನಾವಣೆಯಲ್ಲಿ ಅವರು ಸೋತರು. ನಾನು ನನ್ನ ಇಲಾಖೆಗೆ ಮರಳಿದೆ. ಬಡ್ತಿ ಬಂತು, ವರ್ಗ ಬಂತು. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ. ಸೆಲ್ವರಾಜಣ್ಣ ನಿವೃತ್ತರಾಗಿ ಮಗಳ ಊರಿಗೆ ಹೋದರೆಂದು ಕೇಳಿದೆ. ಹೋಗುವ ಮುಂಚೆ ನನಗೆ ಹೇಳಿ ಹೋಗಲಿಲ್ಲ.

ನಾನು ನಿವೃತ್ತನಾದ ಮೇಲೆ ಅಣ್ಣನಿಗೆ ತಿಳಿಸಿ ಬರೋಣವೆಂದು ಶಿವಮೊಗ್ಗದ ಅವರ ಮನೆಗೆ ಹೋದೆ. ಎಷ್ಟೋ ವರ್ಷದ ಮೇಲೆ ಹೋದದ್ದು. ಅವರ ಹೆಂಡತಿ ಗೌರಕ್ಕ ಕಾಫಿ ತಂದುಕೊಟ್ಟರು. ಅಣ್ಣ ಬಿಳಿಯಾಗಿದ್ದರು, ಸಣ್ಣಗಾಗಿದ್ದರು. ಅದೂ ಇದೂ ಮಾತಾಡಿದೆವು. ಕೈಯಲ್ಲಿ ಮೊಬೈಲ್ ಇಟ್ಟುಕೊಂಡಿದ್ದ ನನ್ನನ್ನು ನೋಡಿ ಗೌರಕ್ಕ ನಕ್ಕರು.

"ಈಗ ಕಿಸೇಲೇ ಫೋನು. ಆವತ್ತು ನಿನ್ನ ಫೋನು ಸಿಕ್ಕಿದ್ರೆ ಇವರ ಹಣೆಬರಹಾನೇ ಬೇರೆ ಆಗ್ತಿತ್ತು."

"ಗೌರಾ, ಅದೆಲ್ಲ ಯಾಕೀಗ," ಅಂದರು ಅಣ್ಣ.

"ಯಾವತ್ತು ಅಕ್ಕ?" ಕೇಳಿದೆ. ಕೇಳುವಾಗಲೇ ನನಗೆ ಗೊತ್ತಾಗಿತ್ತು.

ಗೌರಕ್ಕ ಗಂಡನನ್ನು ನೋಡಿ ಒಳಗೆ ಹೋದರು. ಅಣ್ಣ ಲೋಟ ಕೆಳಗಿಟ್ಟರು.

"ಸ್ನಾನ ಮಾಡಿ ಬರೋಷ್ಟರಲ್ಲಿ ಮಹೇಶ ಎಲ್ರಿಗೂ ಹೇಳ್ತಿದ್ದ, ಕಾಗದ ತಯಾರಾಗ್ತಿದೆ ಅಂತ. ನಾನು ಒಪ್ಪಿರಲಿಲ್ಲ. ಎರಡು ದಿನದಿಂದ ಹೂಂನೂ ಅಂದಿರಲಿಲ್ಲ, ಉಹೂಂನೂ ಅಂದಿರಲಿಲ್ಲ. ನಿಂಗೆ ಫೋನ್ ಮಾಡಿದೆ, ಆ ಹಾಳೆ ಹರಿದುಹಾಕು ಅಂತ ಹೇಳೋಕೆ. ಎಂಗೇಜು. ಮತ್ತೆ ಮಾಡಿದೆ. ಎಂಗೇಜು."

"ರಿಸೀವರ್ ಎತ್ತಿಟ್ಟಿದ್ದೆ ಅಣ್ಣ," ಅಂದೆ.

"ಇರಲಿ. ಸುಳ್ಳು ಯಾಕೆ ಹೇಳಲಿ, ಮೂರನೇ ಸಲ ನಾನು ತಿರುಗಿಸಲಿಲ್ಲ. ಎದುರು ಕೂತೋರೆಲ್ಲ ನನ್ನ ಮುಖಾನೇ ನೋಡ್ತಿದ್ರು. ಆಗಿದ್ದು ಆಗಲಿ ಅನ್ನಿಸಿಬಿಟ್ತು."

"ಆಮೇಲೆ ನಾನು ಬರೆದದ್ದಲ್ಲ ಅಂತ ಹೇಳಬಹುದಿತ್ತಲ್ಲ ಅಣ್ಣ."

"ಹೇಳಿದ್ರೆ ಯಾರು ಬರೆದದ್ದು ಅಂತ ಕೇಳ್ತಿದ್ರು. ನಿನ್ನ ನೌಕರಿ ಹೋಗ್ತಿತ್ತು, ಜೈಲೂ ಆಗ್ತಿತ್ತು. ಆಗ ನಿನ್ನ ಮಕ್ಕಳು ಚಿಕ್ಕವು." ಆಮೇಲೆ ಅಂದರು, "ಅದೊಂದೇ ಅಲ್ಲ. ಹಾರ ಹಾಕಿದ ಮೇಲೆ ತೆಗೆಯೋ ಧೈರ್ಯ ನಂಗೂ ಇರಲಿಲ್ಲ."

ನಾನು ಮನೆಗೆ ಹೇಗೆ ಬಂದೆ ಎಂದು ನೆನಪಿಲ್ಲ. ಆಫೀಸು ಖಾಲಿ ಮಾಡುವಾಗ ಕಾರ್ಬನ್ ಪ್ರತಿಗಳ ಕೊನೆಯ ಫೈಲನ್ನು ನಾನು ತಂದಿಟ್ಟುಕೊಂಡಿದ್ದೆ. ಟ್ರಂಕಿನಿಂದ ಅದನ್ನು ತೆಗೆದೆ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ನೀಲಿ ಅಕ್ಷರ ಮಸುಕಾಗಿತ್ತು. ಒಂದೊಂದರ ಮೂಲೆಯಲ್ಲೂ "ಸರಿ" ಎಂಬ ನನ್ನ ಗುರುತು, ಕೆಲವುಗಳ ಮೇಲೆ ಕೆಂಪು ಗೆರೆ. ಆ ನಾಲ್ಕು ಸಾಲಿನ ಪ್ರತಿಯ ಮೇಲೆ ಮಾತ್ರ ಏನೂ ಇರಲಿಲ್ಲ. ಎಂಟು ಗಂಟೆಯ ಫೋನು ಶುರುವಾದ ಮೇಲೆ ಸಹಿ ಹಾಳೆಯ ಮೇಲೆ ಹೋಗಿ, ನಾನು ಅವರಿಗೆ ಓದಿ ಹೇಳದೆ ಉ‌ಳಿದದ್ದು ಅದೊಂದೇ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅಣ್ಣನ ಮನೆಗೆ ಫೋನು ಮಾಡಿದೆ. ಅವರೇ ಎತ್ತಿದರು.

"ಅಣ್ಣ, ನಾನು ರಂಗನಾಥ. ಒಂದು ಕಾಗದ ಓದೋದು ಬಾಕಿ ಇತ್ತು."

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿತು.

"ಹೂಂ, ಓದು."

ಓದಿದೆ. ಮಾನ್ಯ ಸಭಾಧ್ಯಕ್ಷರಿಗೆ ಎಂಬಲ್ಲಿಂದ ವಿನಂತಿ ಎಂಬಲ್ಲಿಯವರೆಗೆ, ನಾಲ್ಕು ಸಾಲು. ಸ್ವಇಚ್ಛೆಯಿಂದ ಎಂಬ ಪದದ ಹತ್ತಿರ ತಡೆದು, ಮತ್ತೆ ಮೊದಲಿಂದ ಆ ಸಾಲು ಓದಿದೆ. ಅಣ್ಣ ನಡುವೆ ಏನೂ ಕೇಳಲಿಲ್ಲ.

"ರದ್ದು," ಅಂದರು.

ಕೆಂಪು ಪೆನ್ಸಿಲನ್ನು ಮೊದಲೇ ಕೆತ್ತಿಟ್ಟುಕೊಂಡಿದ್ದೆ. ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ಫೋನು ಮಾಡಿ ತಿಳಿಸಲು ಈಗ ಯಾವ ಕಚೇರಿಯೂ ಇರಲಿಲ್ಲ.

"ಮುಂದಿಂದು?" ಅಂದರು ಅಣ್ಣ.

ಹಾಳೆ ತಿರುಗಿಸಿದೆ. ಕೆಳಗೆ ಪ್ಲಾಸ್ಟಿಕ್ ಹಾಕಿದ ಕಾಗದವಿತ್ತು.

"ಸೆಲ್ವರಾಜಣ್ಣನ ಮಗಳ ಹಾಸ್ಟೆಲಿಂದು ಅಣ್ಣ. ಶಂಕರಘಟ್ಟ."

ಕಾಫಿ ಹೀರುವ ಸದ್ದು ಕೇಳಿತು.

"ಸರಿ," ಅಂದರು.